ಬೈಯಲು ಒಂದು ತಲೆ

ಡೇರಿಯ ಮ್ಯಾನೇಜರ್ ಚಿದಂಬರ ಆಫೀಸಿನ ಎಲ್ಲರೆದುರೇ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಲವೀನಾಳ ಮೇಲೆ ಹರಿಹಾಯ್ದ. "ಒಂದೇ ಬಡಾವಣೆಗೆ ಎರಡೆರಡು ಹಾಲಿನ ಲಾರಿ ಹೋಗಿದೆ! ನೀನೇನು ಕತ್ತೆ ಕಾಯ್ತಿದ್ಯಾ?"

"ದಿನಾ ಬೆಳಿಗ್ಗೆ ಲಾರಿ ಹೊರಡಿಸೋ ಎರಡು ಸರ್ವರ್‌ಗಳ ನಡುವೆ ಸಂಪರ್ಕ ತಪ್ಪಿತ್ತು ಸರ್. ಇನ್ನೊಂದು ಸತ್ತಿದೆ ಅಂದ್ಕೊಂಡು ಎರಡೂ ಆರ್ಡರ್ ಕಳಿಸಿವೆ. ಹೀಗಾಗುತ್ತೆ ಅಂತ ಮೊದಲೇ ಹೇಳಿದ್ದೆ."

"ನನಗೇ ಪಾಠ ಹೇಳ್ತೀಯಾ? ಇವತ್ತೇ ಜಾಗ ಖಾಲಿ ಮಾಡು!"

ಲವೀನಾಳ ಮೈ ಉರಿದುಹೋಯಿತು. ಪ್ರತಿ ಕೆಲಸಕ್ಕೂ ಯಾರಾದರೊಬ್ಬರ ಹೆಸರು ಅಂಟಿರಬೇಕು, ಬೈಯಲು ಒಂದು ತಲೆ ಬೇಕು ಎಂಬುದು ಈ ಮನುಷ್ಯನ ಕಟ್ಟಳೆ. ಆ ತಲೆ ಸದಾ ಅವಳದೇ.

"ಸರ್, ನನ್ನ ಲಾಗಿನ್ ತೆಗೆಯೋಕೆ ಮುಂಚೆ ಒಂದು ಮಾತು..."

"ಬಾಯ್ಮುಚ್ಚು!" ಅವನೇ ಕೀಬೋರ್ಡ್ ಎಳೆದುಕೊಂಡು ಅವಳ ಲಾಗಿನ್ ಅನ್ನು ಬುಡಸಮೇತ ಅಳಿಸಿಹಾಕಿದ. "ತೊಲಗು! ನೀನಿಲ್ದಿದ್ರೆ ಊರಿಗೆ ಹಾಲು ಹೋಗಲ್ವಾ? ಒಂದು ಸರ್ವರ್ ಕೆಟ್ರೆ ಇನ್ನೊಂದಿದೆ!"

ಲವೀನಾ ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ಒಮ್ಮೆ ತಿರುಗಿ ನಿಂತಳು.

"ಎರಡೂ ಸರ್ವರ್ ಓಡ್ತಿದ್ದದ್ದು ನನ್ನ ಲಾಗಿನ್‌ನಲ್ಲೇ ಸರ್. ತಪ್ಪಾದ್ರೆ ನನ್ನ ತಲೆಗೇ ಬರ್ಲಿ ಅಂತ ನೀವೇ ಹಾಕಿಸಿದ್ರಲ್ಲ."