ಕಾಲರಿನ ಒಳಮೈ

ಬೀಗ ಬಿದ್ದ ಗಾರ್ಮೆಂಟ್ಸ್ ಗೇಟಿನೆದುರು ಧರಣಿ ಕೂತಿದ್ದ ಟೈಲರಮ್ಮ, ಪೊಲೀಸಿನವನು ರಟ್ಟೆ ಹಿಡಿದು ಎಳೆದ ಕೂಡಲೇ ಅವನ ಕಾಲರಿಗೆ ಕೈ ಹಾಕಿದಳು.

"ಬಿಡಮ್ಮ, ಹೊಸಾ ಯೂನಿಫಾರಂ! ಹರಿದ್ರೆ ನನ್ನ ಸಂಬಳಕ್ಕೆ ಕತ್ತರಿ."

"ಹರಿಯಲ್ಲ ಕಣಪ್ಪ, ಹೊಲಿದೋರೇ ನಾವು. ಕಂಪನಿ ಹೊರದೇಶಕ್ಕೆ ಓಡಿಹೋದ್ರೂ ಸರ್ಕಾರ ನಮ್ಮ ಕೈ ಬಿಡಲ್ಲ. ಪೊಲೀಸ್ ಯೂನಿಫಾರಂ ಹೊಲಿಯೋ ಕೆಲಸ ಯಾವತ್ತೂ ನಮಗೇ ಅಂತ ಮಂತ್ರಿಗಳೇ ಮಾತು ಕೊಟ್ಟಿದ್ದಾರೆ."

ಮಾತಾಡುತ್ತಲೇ ಅವಳ ಹೆಬ್ಬೆರಳು, ಚೆಕಿಂಗ್ ಟೇಬಲ್ಲಿನ ಅಭ್ಯಾಸಬಲದಿಂದ, ಕಾಲರನ್ನು ಮಗುಚಿ ಹೊಲಿಗೆ ಸವರಿತು. ಮೂಲೆಗೆ ಬಂದದ್ದೇ ಗಕ್ಕನೆ ನಿಂತಿತು. ಆ ಹೊಲಿಗೆ ತಮ್ಮವರ ಕೈಯದಲ್ಲ. ಒಳಗಿನ ಲೇಬಲ್ಲಿನ ಮೇಲೆ, ಕಂಪನಿ ಓಡಿಹೋದ ದೇಶದ್ದೇ ಹೆಸರು.

ಎಳೆಯುತ್ತಿದ್ದವನೂ ನಿಂತ. "ಏನಾಯ್ತಮ್ಮ?"

ಅವಳ ಕೈಯಿಂದ ಕಾಲರ್ ಜಾರಿತು.

"ಸರ್ಕಾರಾನೂ ಅಲ್ಲಿಗೇ ಹೋಯ್ತೇನಪ್ಪಾ?"