ಏಳನೆಯ ಅಕ್ಕಿ ಚೀಲ

ನಿನ್ನ ತೂಕ ಎಷ್ಟೆಂದು ಗಂಡ ಮೂರನೆಯ ಸಲ ಕೇಳಿದಾಗ ಗುಲಾಬಿ ಚಮಚ ಕೆಳಗಿಟ್ಟಳು.

"ಮೊನ್ನೆಯಷ್ಟೇ ಹೇಳಿದ್ದೆ ಅಲ್ವಾ? ಎಂತಕ್ಕೆ ಮಾರಾಯ್ರೆ, ನನ್ನನ್ನು ಸಂತೆಗೆ ಕೊಂಡುಹೋಗ್ಲಿಕ್ಕುಂಟಾ?"

"ಸುಮ್ಮನೆ," ಎಂದ ಜಯರಾಮ. ಸುಮ್ಮನೆ ಎನ್ನುವವನ ಕಣ್ಣು ಅವಳನ್ನು ತಲೆಯಿಂದ ಕಾಲಿನವರೆಗೆ ಅಳೆಯುತ್ತಿತ್ತು, ದರ್ಜಿ ಅಳೆದಂತೆ. ಇಲ್ಲ, ಹೆಣದ ಪೆಟ್ಟಿಗೆ ಮಾಡುವ ಬಡಗಿ ಅಳೆದಂತೆ.

ಆ ಕಾಲುಗಳು ಗಟ್ಟಿಯಿದ್ದ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಕಾಡಾಡುಗಳು ಗುಲಾಬಿಯನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತಿದ್ದವು. ಶನಿವಾರ ಬಂತೆಂದರೆ ಬೆಟ್ಟ ಹತ್ತಲು ಹೊರಟುಬಿಡುತ್ತಿದ್ದಳು, ಬೆರ್ರಿಯೆಸಾದ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಸಂಜೆ ಮಂಡಿ ತರಚಿ, ಉಗುರು ಕಪ್ಪಾಗಿ, ಮುಖದಲ್ಲಿ ದೀಪಾವಳಿ ಹೊತ್ತು ಬರುತ್ತಿದ್ದಳು. ಜಯರಾಮನೋ, ಎರಡನೇ ಮಹಡಿ ಹತ್ತಿದರೆ ಮೂರು ಫ್ರೀವೇ ಆಚೆಗೂ ಏದುಸಿರು ಕೇಳಿಸುವ ಆಸಾಮಿ. "ಇಳಿಯಲಿಕ್ಕಂತಲೇ ಹತ್ತುವುದು! ಮೇಲೆ ಎಂತ, ಊಟ ಹಾಕ್ತಾರಾ?" ಎಂದು ಕುಟುಕುತ್ತಿದ್ದ. "ಹತ್ತದವರಿಗೆ ಹೇಳಿ ಪ್ರಯೋಜನ ಇಲ್ಲ," ಎನ್ನುತ್ತಿದ್ದಳು ಅವಳು.

ಎರಡು ವರ್ಷದ ಹಿಂದೆ ಒಂದು ಬಂಡೆ ಕೈಕೊಟ್ಟಿತು. ಸೊಂಟದ ಕೆಳಗೆ ಈಗ ಏನೂ ಅಲ್ಲಾಡುವುದಿಲ್ಲ. ಅಂದಿನಿಂದ ಅವಳನ್ನು ಎತ್ತುವುದು, ಇಳಿಸುವುದು, ಮೀಯಿಸುವುದು ಎಲ್ಲ ಜಯರಾಮನೇ. ಒಂದು ದಿನವೂ ಗೊಣಗಿದವನಲ್ಲ. ಈಗ ಯೋಚಿಸಿದರೆ ಅದೇ ಹೆದರಿಕೆ.

ಅಂಥವನು ಈ ವರ್ಷ ಶನಿವಾರಗಳಂದು ಬೆಳಕು ಹರಿಯುವ ಮೊದಲೇ ಕಾರು ತೆಗೆಯತೊಡಗಿದ. ಎಲ್ಲಿಗೆಂದರೆ "ವಾಕಿಂಗು". ವಾಕಿಂಗಿಗೆ ಯಾರಾದರೂ ಅಕ್ಕಿ ಚೀಲ ಒಯ್ಯುತ್ತಾರೆಯೇ? ಮೊದಲು ಒಂಬತ್ತು ಕಿಲೋದ ಒಂದು ಸೋನಾ ಮಸೂರಿ ಚೀಲ, ಆಮೇಲೆ ಎರಡು, ಆಮೇಲೆ ನಾಲ್ಕು, ಕೊನೆಗೆ ಆರು. ಧೂಳು ಮೆತ್ತಿಕೊಂಡು ಹಾಗೇ ವಾಪಸು ಬರುತ್ತಿದ್ದವು. ಬಿಚ್ಚುವುದಿಲ್ಲ, ಬೇಯಿಸುವುದಿಲ್ಲ. ಜಯರಾಮನ ಹೆಗಲು ನೇರಳೆಹಣ್ಣಿನ ಬಣ್ಣ. ತುಟಿಯಲ್ಲಿ ಒಂದು ನಗೆ. ಅದನ್ನು ಕಂಡರೆ ಹಾಲು ತಾನಾಗಿ ಒಡೆಯಬೇಕು. ಗರಾಜಿನಲ್ಲಿ ಹಗ್ಗ, ಅಗಲದ ಪಟ್ಟಿಗಳು, ಬೆನ್ನಿಗೆ ಕಟ್ಟಿಕೊಳ್ಳುವ ಒಂದು ಚೌಕಟ್ಟು.

ಆರು ಚೀಲ ಸೇರಿದರೆ ಸರಿಯಾಗಿ ತನ್ನ ತೂಕ ಎಂದು ಗುಲಾಬಿಗೆ ಹೊಳೆದದ್ದು ಬೆಂಡೆಕಾಯಿ ಹೆಚ್ಚುವಾಗ. ಚೂರಿ ಅಲ್ಲೇ ನಿಂತಿತು.

ಪಕ್ಕದ ಮನೆಯ ಫಖರುನ್ನಿಸಾ, ಮೈಸೂರಿನವಳು, ವಿಷಯ ಕೇಳಿ ಮೊದಲು ಎದ್ದು ಬಾಗಿಲ ಚಿಲಕ ಹಾಕಿದಳು. "ಗಂಡಸರು ಸುಮ್‌ಸುಮ್ನೆ ಹೆಂಡ್ತಿ ತೂಕ ಕೇಳಲ್ಲ ಗುಲಾಬಿ ಅಕ್ಕ. ಪೊಲೀಸ್‌ಗೆ ಹೇಳೋಣ್ವಾ?"

"ಎಂತ ಹೇಳುದು? ನನ್ನ ಗಂಡ ಅಕ್ಕಿ ಹೊರ್ತಾರೆ ಅಂತಲಾ?"

"ಹಂಗಾದ್ರೆ ತಿನ್ನಿ. ಹೊರೋಕೇ ಆಗ್ದಂಗೆ ದಪ್ಪ ಆಗಿ."

ಗುಲಾಬಿ ತಿಂದಳು. ಸನಿವೇಲಿನಿಂದ ಫ್ರೀಮಾಂಟಿನವರೆಗೆ ಅಂಗಡಿಗಳಲ್ಲಿ ತುಪ್ಪಕ್ಕೆ ಬರ ಬರುವಷ್ಟು ತಿಂದಳು. ಜಯರಾಮ ನೋಡಿದ. ಮುಂದಿನ ಶನಿವಾರ ಕಾರಿಗೆ ಏಳನೆಯ ಚೀಲ ಏರಿತು.

ಆ ವಾರ ಅವನು ಊರಿನ ತಮ್ಮನಿಗೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದದ್ದು ಗುಲಾಬಿಯ ಕಿವಿಗೆ ಬಿತ್ತು: "ಈ ಶನಿವಾರ ಮುಗಿಸಿಬಿಡ್ತೇನೆ. ಅವಳಿಗೆ ಗೊತ್ತಿಲ್ಲ, ಪಾಪ."

ಶುಕ್ರವಾರ ಅವನು ಆಫೀಸಿಗೆ ಹೋದ ಮೇಲೆ ಗುಲಾಬಿ ಗಾಲಿಕುರ್ಚಿ ಉರುಳಿಸಿಕೊಂಡು ಗರಾಜಿಗೆ ಹೋದಳು. ಚೌಕಟ್ಟಿನ ಮುಂದೆ ತುಂಬ ಹೊತ್ತು ಕೂತಳು. ಒಳಗೆ ಬಂದು ಕೈ ತೊಳೆದಳು, ಚೂರಿ ತೊಳೆದಳು, ಬೆಂಡೆಕಾಯಿ ಹೆಚ್ಚಲು ಶುರುಮಾಡಿದಳು.

ಶನಿವಾರ ಬಂತು. "ಒಂದು ಜಾಗಕ್ಕೆ ಹೋಗ್ಲಿಕ್ಕುಂಟು ಮಾರಾಯ್ತಿ. ಪ್ರಶ್ನೆ ಕೇಳಬೇಡ."

ಮಿಷನ್ ಪೀಕ್ ಬೆಟ್ಟದ ಬುಡದಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಮಂಜು. ಅವಳನ್ನು ಚೌಕಟ್ಟಿನಲ್ಲಿ ಕೂರಿಸಿ, ಬಿಗಿದು, ಬೆನ್ನಿಗೇರಿಸಿಕೊಂಡ. ಕೂಗಬಹುದಿತ್ತು. ಆದರೆ ಬೆಟ್ಟದಲ್ಲಿ ಹೆದರಿ ಕೂಗಿದಳೆನ್ನಿಸಿಕೊಳ್ಳುವುದು ಗುಲಾಬಿಗೆ ಸಾವಿಗಿಂತ ಕಡೆ. ಮೊದಲ ಹುಲ್ಲಿನ ಏರಿನಲ್ಲಿ ಉಸಿರು ಬಿಗಿಹಿಡಿದು ಕಾದಳು. ಏನೂ ಆಗಲಿಲ್ಲ.

ಅವನು ಹತ್ತಿದ. ದನಗಳು ಮೇಯುವುದು ಬಿಟ್ಟು ನೋಡಿದವು. ಅವನ ಬೆವರಿಗೆ ಕೆಳಗೆ ಕೊಲ್ಲಿಯ ನೀರು ಒಂದು ಗೇಣಾದರೂ ಏರಿರಬೇಕು. ಹುಲ್ಲು ಮುಗಿದು ಬಂಡೆ ಬಂತು. ಬಂಡೆಯ ಪಕ್ಕದಲ್ಲೇ ತಳ ಕಾಣದ ಇಳಿಜಾರು. ಆಗ ಅವನ ಎಡ ಹೆಗಲ ಹತ್ತಿರ ಏನೋ ಟಪ್ ಎಂದಿತು.

ಗುಲಾಬಿ ಚೌಕಟ್ಟಿನ ಅಂಚು ಹಿಡಿದುಕೊಂಡಳು. "ಎಂತ ಸದ್ದು ಅದು?"

"ನನ್ನ ಮೂಳೆ," ಎಂದು ನಕ್ಕ ಜಯರಾಮ. ಅದೇ ನಗೆ.

ತುದಿ ಬಂತು. ಅವಳನ್ನು ಪ್ರಪಾತಕ್ಕೆ ಮುಖ ಮಾಡಿ ಇಳಿಸಿ, ಪಟ್ಟಿ ಬಿಚ್ಚಿದ. ಸುತ್ತ ಒಂದು ನರಪಿಳ್ಳೆ ಇಲ್ಲ. ಅವನ ಎರಡೂ ಕೈ ಅವಳ ಬೆನ್ನಿಗೆ ಬಂದವು. ಅವಳು ಕಣ್ಣು ಮುಚ್ಚಿದಳು.

ಕೈಗಳು ತಳ್ಳಲಿಲ್ಲ. ಶಾಲು ಹೊದೆಸಿದವು.

"ಮೊದಲೇ ಹೇಳಿ, ಆಮೇಲೆ ಹತ್ತಲಿಕ್ಕೆ ಆಗದಿದ್ದರೆ ನೀನು ಸಾಯುವವರೆಗೆ ನಗಾಡ್ತಿದ್ದೆ. ಅದಕ್ಕೇ ಅಕ್ಕಿ ಹೊತ್ತು ಕಲಿತದ್ದು."

ಕಣ್ಣು ಬಿಟ್ಟಳು. ಮಂಜು ಹರಿದು ಇಡೀ ಕೊಲ್ಲಿ ಕಾಲಬುಡದಲ್ಲಿ ಬೆಳಗುತ್ತಿತ್ತು. ಜಯರಾಮನ ತೊಡೆ ನಡುಗುತ್ತಿತ್ತು, ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಮುಖದಲ್ಲಿ ಮಾತ್ರ ಅವಳ ಹಳೆಯ ಶನಿವಾರಗಳ ದೀಪಾವಳಿ.

"ಮೇಲೆ ಎಂತ ಉಂಟು ಅಂತ ಇನ್ನು ಕೇಳುದಿಲ್ಲ ಮಾರಾಯ್ತಿ. ಮುಂದಿನ ಸಲ ಇದಕ್ಕಿಂತ ಎತ್ತರದ್ದು. ನೀನು ಆ ತುಪ್ಪ ಒಂದು ಬಿಡಬೇಕು."

ಗುಲಾಬಿ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಜಯರಾಮ ಚೌಕಟ್ಟು ಎತ್ತಿಕೊಂಡು ಅವಳ ಮುಂದೆ ಬಗ್ಗಿದ. "ಬಾ, ಇಳಿಯುವ." ಅವಳು ಇಳಿಯುವ ದಾರಿ ನೋಡಿದಳು: ಬಂಡೆ, ಅದರ ಪಕ್ಕದಲ್ಲೇ ಆ ಇಳಿಜಾರು.

"ಸ್ವಲ್ಪ ನಿಲ್ಲಿ ಮಾರಾಯ್ರೆ," ಎಂದಳು, "ಆ ಎಡಗಡೆಯ ಪಟ್ಟಿಯನ್ನು, ಕೆಳಗೆ ಹುಲ್ಲಲ್ಲೇ ತುಂಡಾಗ್ಲಿ ಅಂತ, ನಿನ್ನೆ ನಾನೇ ಮುಕ್ಕಾಲು ಕೊಯ್ದಿಟ್ಟಿದ್ದೇನೆ."