ಬೈಂಡ್ ಹಾಕಿದ ಕಾಮಿಕ್ಸ್

ಬ್ರೌನ್ ಪೇಪರಿನ ವಾಸನೆ ಬಂದರೆ ಈಗಲೂ ಎನ್.ಆರ್. ಕಾಲೋನಿ ಮನೆಯ ಆ ವಿಜಯದಶಮಿ ಮಧ್ಯಾಹ್ನ ನೆನಪಾಗುತ್ತದೆ.

ಒಂಬತ್ತನೇ ಕ್ಲಾಸಿನ ಗೆಳೆಯ ಮಂಜು ನನಗೊಂದು ಕಾಮಿಕ್ಸ್ ಬರೆದುಕೊಟ್ಟಿದ್ದ. ಅದರಲ್ಲಿ ಹೈಸ್ಕೂಲು ಹುಡುಗನೊಬ್ಬ ಮಲ್ಲಿಗೆ ಮುಡಿದು ತನ್ನ ಗೆಳೆಯನಿಗಾಗಿ ಕಾಯುತ್ತಿದ್ದ. ಮಲ್ಲಿಗೆ ಮುಡಿದವನ ಮುಖ ನನ್ನದೇ. ಸರಸ್ವತಿ ಪೂಜೆಗಿಟ್ಟ ಪುಸ್ತಕಗಳನ್ನು ಯಾರೂ ಮುಟ್ಟುವುದಿಲ್ಲವಲ್ಲ ಎಂದು ಅದಕ್ಕೂ ಬೈಂಡ್ ಹಾಕಿ ನಡುವೆ ಸೇರಿಸಿದ್ದೆ. ಪೂಜೆ ಮುಗಿದ ಮೇಲೆ ಒಂದನ್ನು ತೆಗೆದು ಓದಿಸುತ್ತಾರೆಂಬುದೇ ಮರೆತುಹೋಗಿತ್ತು.

ತಾತ ಕಣ್ಣು ಮುಚ್ಚಿಕೊಂಡು ಒಂದು ಪುಸ್ತಕ ಎಳೆದರು. ಅದೇ.

“ಜೋರಾಗಿ ಓದು.”

ಕುಂಕುಮ ಮೆತ್ತಿದ ರಟ್ಟು ತೆರೆದೆ. ಯಾವುದಾದರೂ ಪಾಠವನ್ನು ಬಾಯಿಪಾಠ ಒಪ್ಪಿಸಬಹುದಿತ್ತು. ಕಂಡದ್ದನ್ನೇ ಓದಿದೆ.

“ನಾನಿರೋದೇ ಹೀಗೆ. ನಿಂಗೆ ಇಷ್ಟಾನಾ?”

ತಾತ ಕಣ್ಣು ತೆರೆದರು. “ಮುಂದೆ ಓದಪ್ಪ,” ಎಂದರು, ಬಹಳ ಮೆಲ್ಲಗೆ.

ಅಮ್ಮ ಎದ್ದುಹೋಗಿ ಬೀದಿಬಾಗಿಲು ಹಾಕಿಕೊಂಡು ಬಂದಳು.